ಅಪ್ಪ ಮನೆಗೆ ಬಂದು ಒಂದು ತಿಂಗಳು

ಅಪ್ಪ ಈಗ ಗೋಡೆ ಹಿಡಿದುಕೊಂಡು ಹಿತ್ತಲವರೆಗೆ ಹೋಗಿ ಬರುತ್ತಾರೆ. ರಕ್ತ ಕೊಟ್ಟವರಿಗೆ, ರಾತ್ರಿ ಜೊತೆಗೆ ಕೂತವರಿಗೆ, ದಿನಾ ಫೋನ್ ಮಾಡಿದವರಿಗೆ ಮೊದಲ ನಮಸ್ಕಾರ. ಇನ್ನೂ ಕೆಲವರ ಋಣ ಇದೆ. ಅವರ ಬಗ್ಗೆ ನಿಮಗೆ ಗೊತ್ತಿಲ್ಲ.

ಸೇರಿಸಿದ್ದು ಲಕ್ವ ಹೊಡೆಯಿತು ಅಂತ. ವೆಂಟಿಲೇಟರ್‌ನಲ್ಲಿದ್ದಾಗ ಜ್ವರ ಶುರುವಾಯಿತು. ಕ್ಲೆಬ್ಸಿಯೆಲ್ಲಾ ಅಂದರು. ಕರುಳಿನಲ್ಲಿ ಸುಮ್ನೆ ಇರುವ ಬ್ಯಾಕ್ಟೀರಿಯಾ, ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಆಸ್ಪತ್ರೆಯಲ್ಲೇ ಹತ್ತಿದ್ದು. ಡಾಕ್ಟರ್ ಅದನ್ನು ಮುಚ್ಚಿಡಲಿಲ್ಲ, ಅದಕ್ಕೂ ಥ್ಯಾಂಕ್ಸ್.

ಮೂರನೇ ದಿನ ಕಲ್ಚರ್ ರಿಪೋರ್ಟ್ ಬಂತು, ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿ ನಾಟುತ್ತೆ ಅಂತ ನೋಡುವ ಪರೀಕ್ಷೆಯದ್ದು. ಉದ್ದಕ್ಕೆ ಔಷಧಿಗಳ ಹೆಸರು, ಒಂದೊಂದರ ಮುಂದೆಯೂ 'ಆರ್'. ಅಂದರೆ ರೆಸಿಸ್ಟೆಂಟ್, ನಾಟುವುದಿಲ್ಲ. ದೊಡ್ಡ ಔಷಧಿ ಮೆರೊಪೆನೆಮ್ ಮುಂದೆಯೂ ಆರ್. ಈ ಬ್ಯಾಕ್ಟೀರಿಯಾ ಆ ಔಷಧಿಯನ್ನೇ ಮುರಿಯುವ ಕಿಣ್ವ ತಯಾರಿಸುತ್ತೆ, ಆ ವಿದ್ಯೆಯ ಜೀನನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತೆ ಅಂತ ಲ್ಯಾಬಿನ ಮೇಡಂ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕೊನೆಯ ಸಾಲಿನ ಕೊಲಿಸ್ಟಿನ್ ಮುಂದೆ ಮಾತ್ರ 'ಐ'. ಅಂದರೆ ಇಂಟರ್ಮೀಡಿಯಟ್, ನಾಟಿದರೆ ನಾಟೀತು. ಚೆನ್ನಾಗಿ ನಾಟುವ ಔಷಧಿಗೆ 'ಎಸ್', ಸಸೆಪ್ಟಿಬಲ್, ಅಂತ ಬರೆಯುತ್ತಾರೆ.

"'ಎಸ್' ಯಾಕಿಲ್ಲ ಮೇಡಂ?"

"ಈ ಔಷಧಿಗೆ ಈಗ ನಾವು ಎಸ್ ಅಂತ ಕೊಡೋದೇ ಇಲ್ಲ. ಐ ಬಂದಿದ್ದೇ ಪುಣ್ಯ."

ಕಿಡ್ನಿಗೆ ಪೆಟ್ಟು ಅಂತ ದಶಕಗಳ ಹಿಂದೆ ಮೂಲೆಗೆ ಸೇರಿದ್ದ ಔಷಧಿ ಅದು. ಬೇರೆ ದಾರಿ ಇಲ್ಲದೆ ವಾಪಸ್ ಬಂದಿದೆ. ಅಪ್ಪನ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಶ, 1.1 ಇದ್ದದ್ದು 2.4ಕ್ಕೆ ಏರಿತು. ದಿನಾ ಬೆಳಿಗ್ಗೆ ಆ ನಂಬರ್ ನೋಡಿ ಡೋಸ್ ಲೆಕ್ಕ ಹಾಕಿದ ಜೂನಿಯರ್ ಡಾಕ್ಟರ್, ನಿಮ್ಮ ನಿದ್ದೆಗೆಟ್ಟ ಕಣ್ಣು ಇನ್ನೂ ನೆನಪಿದೆ.

ಇನ್ನು ಆಯಮ್ಮ. ಸ್ಯಾನಿಟೈಸರ್ ಹಚ್ಚದವರನ್ನು ಐಸಿಯು ಬಾಗಿಲು ದಾಟಿಸುತ್ತಿರಲಿಲ್ಲ, ದೊಡ್ಡ ಡಾಕ್ಟರ್ ಆದರೂ ಸರಿ. ಒಂದು ದಿನ ನಾನು ಕೈಗೆ ಒಂಚೂರು ಸವರಿಕೊಂಡು ಒಳಗೆ ಹೊರಟೆ. ಅಡ್ಡ ನಿಂತರು. "ಬೆರಳ ಸಂದಿ ಒಣಗೇ ಇದೆ, ಇನ್ನೊಂದು ಸಲ ಹಚ್ಚಿ." ನಾನು ರೇಗಿದೆ, ಎಲ್ಲರೆದುರು ಕೂಗಾಡಿದೆ. ಅವರು ಮಾತಾಡಲಿಲ್ಲ. ಬಾಟಲಿ ಮುಂದೆ ಹಿಡಿದರು, ಅಷ್ಟೇ.

ಅಪ್ಪನನ್ನು ಮೂಲೆಯ ಬೆಡ್‌ಗೆ ಹಾಕಿದ್ದರು. ಪರದೆಯ ಆಚೆ ಬೈಕಿನಿಂದ ಬಿದ್ದ ಹುಡುಗನೊಬ್ಬ ಇದ್ದ, ಅವನಿಗೂ ವೆಂಟಿಲೇಟರ್. ಅಪ್ಪನ ಸೋಂಕು ಅವನಿಗೆ ದಾಟಲಿಲ್ಲ. ನಮಗಿಂತ ಮೊದಲೇ ಮನೆಗೆ ಹೋದ.

ಆಯಮ್ಮ, ಅವತ್ತು ಕೂಗಾಡಿದ್ದು ನನ್ನದೇ ತಪ್ಪು. ಡಿಸ್ಚಾರ್ಜ್ ದಿನ ಹುಡುಕಿದೆ, ನಿಮಗೆ ರಜೆ ಅಂದರು.