ಹಬ್ಬದ ರಜೆ ಮೊದಲೇ ತಿಳಿಸಿ

ಮಾನ್ಯ ಸಂಪಾದಕರೇ,

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮನೆ ಬಂಟ್ವಾಳದ ಕಡೆ. ಸೆಪ್ಟೆಂಬರ್ 8 ನಮ್ಮ ಕರಾವಳಿಯ ಕೆಥೊಲಿಕರಿಗೆ ಮೊಂತಿ ಹಬ್ಬ: ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಅದಕ್ಕೆ ಮೊದಲು, ಆಗಸ್ಟ್ 30ರಿಂದ ಒಂಬತ್ತು ದಿನ ನಮ್ಮ ಚರ್ಚ್‌ಗಳಲ್ಲಿ ನೊವೆನಾ ಪ್ರಾರ್ಥನೆ ಇರುತ್ತದೆ. ನನ್ನ ಮಗಳಿಗೆ ಏಳು ವರ್ಷ. ದಿನಾ ಬೆಳಿಗ್ಗೆ ಅತ್ತೆಯ ಜೊತೆ ಅಂಗಳ ಸುತ್ತಿ ದಾಸವಾಳ, ಅಬ್ಬಲಿಗೆ, ಗುಡ್ಡೆಯ ಕಾಡುಹೂ ಕೊಯ್ದು ಬುಟ್ಟಿ ತುಂಬಿಸುತ್ತಾಳೆ. ಮರಿಯಮ್ಮನಿಗೆ ಹೂ ಹಾಕುವಾಗ ಅವಳ ಮುಖ ನೋಡಬೇಕು! ಈ ಸಲ ನಾನು ನೋಡಿದ್ದು ಎರಡೇ ದಿನ.

ಸೆಪ್ಟೆಂಬರ್ 8ಕ್ಕೆ ರಜೆ ಬೇಕೆಂದು ತಿಂಗಳ ಮೊದಲೇ ಬರೆದುಕೊಟ್ಟಿದ್ದೆ. ಹಿಂದಿನ ದಿನ ಸಂಜೆ, 'ಜನ ಇಲ್ಲ, ಬರಲೇಬೇಕು' ಎಂದರು. ರೋಗಿಗಳನ್ನು ಬಿಡಲು ಆಗುವುದಿಲ್ಲ, ನನಗೂ ಗೊತ್ತು. ಆದರೆ ಒಂದು ವಾರ ಮೊದಲು ಹೇಳಿದ್ದರೆ ಯಾರ ಜೊತೆಗಾದರೂ ಡ್ಯೂಟಿ ಬದಲಿಸಿಕೊಳ್ಳುತ್ತಿದ್ದೆ, ಅಲ್ವಾ?

ಅವತ್ತು ಮಧ್ಯಾಹ್ನ ಜೊತೆಯ ಹುಡುಗಿಯೊಬ್ಬಳು ತಾನೇ ಬಂದು, 'ಅಕ್ಕಾ, ನೀವು ಹೋಗಿ. ಉಳಿದ ಎರಡು ಗಂಟೆ ನಾನು ನೋಡ್ತೇನೆ. ಚೌತಿಗೆ ನನ್ನ ಡ್ಯೂಟಿ ನೀವು ಮಾಡಿ' ಎಂದಳು. ಬಸ್ಸಿನಲ್ಲಿ ಕಣ್ಣು ತುಂಬಿ ಬಂತು. ಮನೆಯಲ್ಲಿ ಯಾರೂ ಊಟ ಮಾಡಿರಲಿಲ್ಲ. ಪಾದ್ರಿಗಳು ಆಶೀರ್ವದಿಸಿ ಕೊಟ್ಟ ತೆನೆಯ ಹೊಸ ಅಕ್ಕಿಯನ್ನು ತೆಂಗಿನ ಹಾಲಿಗೆ ಹಾಕಿ ಅತ್ತೆ ಕಾಯುತ್ತಿದ್ದರು. ಮಗಳು ಚರ್ಚ್‌ನಲ್ಲಿ ಸಿಕ್ಕ ಕಬ್ಬಿನಲ್ಲಿ ಅರ್ಧ ನನಗೆಂದು ಇಟ್ಟಿದ್ದಳು.

ಹಬ್ಬದ ವಾರದ ಡ್ಯೂಟಿ ಪಟ್ಟಿಯನ್ನು ಆಸ್ಪತ್ರೆಗಳು ಏಳು ದಿನ ಮೊದಲೇ ಹಾಕಲಿ. ಮೊಂತಿ ಹಬ್ಬ, ಚೌತಿ, ರಂಜಾನ್, ಎಲ್ಲದಕ್ಕೂ.

– ಒಬ್ಬ ನರ್ಸ್, ಬಂಟ್ವಾಳ