ಕೆರೆಯಂಗಳ ಮೇಲೆ ಒಣಗಿದ್ದರೆ ಸಾಲದು

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ದಾವಣಗೆರೆ, ಚಿತ್ರದುರ್ಗ ಸೀಮೆಯ ಕೆರೆಗಳಿಗೆ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಯಲು ಟ್ರ್ಯಾಕ್ಟರ್‌ಗಳು ಇಳಿಯುತ್ತವೆ. ಈ ಕೆಲಸ ಹೊಲಕ್ಕೂ ಒಳ್ಳೆಯದು, ಕೆರೆಗೂ ಒಳ್ಳೆಯದು. ಅವುಗಳ ಬೆನ್ನಿಗೇ ಅಡ್ಡದಾರಿ ಹಿಡಿಯುವ ಬೈಕು, ಫೋಟೊಗೆಂದು ಬರುವ ಕಾರು ಎಲ್ಲವೂ ಅಂಗಳಕ್ಕಿಳಿಯುತ್ತವೆ. ಮೇಲೆ ಬಾಯಿಬಿಟ್ಟ ನೆಲ ಕಂಡ ಕೂಡಲೇ ಒಳಗೂ ಒಣಗಿದೆ ಎಂದುಕೊಳ್ಳುತ್ತೇವೆ. ಹೂತುಹೋಗುವುದು, ಮಗುಚುವುದು ಶುರುವಾಗುವುದು ಅಲ್ಲಿಂದಲೇ.

ಹೂಳು ಬಹಳ ಸಣ್ಣ ಜೇಡಿ. ಮೇಲಿನ ಗೇಣುದ್ದ ಒಣಗಿ ಹಕ್ಕಳೆಗಟ್ಟಿದರೆ, ಆ ಹಕ್ಕಳೆಯೇ ಮುಚ್ಚಳವಾಗಿ ಕೆಳಗಿನ ತೇವವನ್ನು ಹಿಡಿದಿಡುತ್ತದೆ. ತೂಬಿನ ಮುಂದೆ, ಹಳ್ಳ ಬಂದು ಕೆರೆ ಸೇರುವ ಕಡೆ, ಹಳೆಯ ಗುಂಡಿಗಳಲ್ಲಿ ಏಪ್ರಿಲ್ ಮುಗಿದರೂ ಹುದುಲು ಆರುವುದಿಲ್ಲ. ಜೊಂಡು ಹಸಿರಾಗಿದ್ದ ಕಡೆ ಗಾಲಿ ಇಡಲೇಬಾರದು. ಉಳಿದ ಕಡೆ ನೆಲದ ಬಿರುಕೇ ಲೆಕ್ಕ ಹೇಳುತ್ತದೆ. ಒಂದು ಒಣ ಕಡ್ಡಿಯನ್ನು ಬಿರುಕಿನ ತಳ ಮುಟ್ಟುವಷ್ಟು ಇಳಿಸಿ ಮೇಲೆತ್ತಿ ನೋಡಿ. ತುದಿಗೆ ಕಪ್ಪು ಕೆಸರು ಬೆಣ್ಣೆಯಂತೆ ಮೆತ್ತಿಕೊಂಡಿದ್ದರೆ ಗಟ್ಟಿ ನೆಲ ಇರುವುದು ಅಷ್ಟೇ ಆಳ. ಆಮೇಲೆ ಐದಡಿಯ ಕಬ್ಬಿಣದ ಸರಳು ಹಿಡಿದು, ವಾಹನ ಹೋಗುವ ದಾರಿಯುದ್ದಕ್ಕೂ ಹತ್ತು ಹೆಜ್ಜೆಗೊಮ್ಮೆ ಚುಚ್ಚುತ್ತಾ ಹೋಗಬೇಕು. ಬರೀ ಕೈಬಲಕ್ಕೆ ಸರಳು ಒಂದಡಿಗಿಂತ ಹೆಚ್ಚು ಇಳಿಯಿತೆಂದರೆ ಆ ದಾರಿ ಬಿಡುವುದೇ ಸರಿ.

‘ದನ ಓಡಾಡುತ್ತವೆ, ನಾನೇ ನಡೆದು ನೋಡಿದೆ’ ಎಂಬ ಮಾತನ್ನು ನಂಬಬೇಡಿ. ಮನುಷ್ಯನ ಭಾರ ನೆಲದ ಮೇಲಿನ ಪದರಕ್ಕಷ್ಟೇ ತಾಗುತ್ತದೆ, ವಾಹನದ ಭಾರ ಎರಡು ಮೂರು ಅಡಿ ಕೆಳಗಿನವರೆಗೂ ಒತ್ತುತ್ತದೆ. ಖಾಲಿ ಟ್ರೇಲರ್ ಸಲೀಸಾಗಿ ಒಳಗೆ ಹೋಗಿರುತ್ತದೆ. ಅದಕ್ಕೆ 100 ಘನ ಅಡಿ ಹಸಿ ಗೋಡು ತುಂಬಿದರೆ ಮಣ್ಣೇ ಸುಮಾರು ನಾಲ್ಕೂವರೆ ಟನ್. ಟ್ರ್ಯಾಕ್ಟರ್‌ನ ದೊಡ್ಡ ಗಾಲಿ ದಾಟಿದ ಜಾಗದಲ್ಲೇ ಟ್ರೇಲರ್‌ನ ಸಣ್ಣ ಗಾಲಿ ಹೂತುಕೊಳ್ಳುತ್ತದೆ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದೇ ಜಾಡಿನಲ್ಲಿ ಓಡಾಡಿದಷ್ಟೂ ಒಳಗಿನ ಜೇಡಿ ನಾದಿದ ಹಿಟ್ಟಿನಂತೆ ಮೆದುವಾಗುತ್ತದೆ. ಹತ್ತು ಟ್ರಿಪ್ ತಡೆದ ದಾರಿ ಹನ್ನೊಂದನೆಯದಕ್ಕೆ ಕುಸಿಯುವುದು ಹೀಗೆ. ಜಾಡು ಹೊಳೆಯತೊಡಗಿದರೆ, ಗಾಲಿಯ ಮುಂದಿನ ನೆಲ ಹಾಸಿಗೆಯಂತೆ ಅಲುಗಿದರೆ ಅಂದಿಗೆ ಆ ಜಾಡು ಮುಗಿಯಿತು.

ಲಡಾಖ್‌ಗೆ ಹೋಗಿ ಹೆಪ್ಪುಗಟ್ಟಿದ ಸರೋವರದ ಮೇಲೆ ಕಾರು ಓಡಿಸಬೇಕೆನ್ನುವ ನಮ್ಮೂರಿನ ಹುಡುಗರಿಗೂ ಇದೇ ಮಾತು. ಚಳಿ ದೇಶಗಳಲ್ಲಿ ಹೊಸದಾದ, ತಿಳಿಯಾದ, ಗಟ್ಟಿ ಮಂಜುಗಡ್ಡೆ ನಡೆಯುವವರಿಗೆ 4 ಇಂಚಾದರೂ ಇರಬೇಕು, ಕಾರಿಗೆ 8ರಿಂದ 12 ಇಂಚು ಬೇಕು ಎಂದು ಲೆಕ್ಕ ಹಿಡಿಯುತ್ತಾರೆ. ಬಿಳಿಚಿಕೊಂಡ ಮಂಜುಗಡ್ಡೆಗೆ ಅದರ ಎರಡರಷ್ಟು. ಲಡಾಖ್‌ನ ಪ್ಯಾಂಗಾಂಗ್ ಸರೋವರದ್ದು ಉಪ್ಪುನೀರು, ಉಪ್ಪುನೀರಿನ ಮಂಜುಗಡ್ಡೆ ಸಿಹಿನೀರಿನದಕ್ಕಿಂತ ಮೆದು. ತೊರೆ ಬಂದು ಸೇರುವಲ್ಲಿ ದಪ್ಪವೂ ಕಡಿಮೆ. ಅಲ್ಲಿಯೂ ಕೊರೆದು ಅಳೆಯದೆ ಕಣ್ಣಿಗೆ ಏನೂ ತಿಳಿಯುವುದಿಲ್ಲ.

ಟ್ರ್ಯಾಕ್ಟರ್ ಹೂತ ಮೇಲೆ ಜೀವ ಹೋಗುವುದು ಹೆಚ್ಚಾಗಿ ಅವಸರದಿಂದ. ಹಿಂದಿನ ಗಾಲಿ ಕಚ್ಚಿಕೊಂಡಿದ್ದಾಗ ಮೊದಲ ಗೇರಿಗೆ ಹಾಕಿ ಕ್ಲಚ್ ಪಟ್ಟನೆ ಬಿಟ್ಟರೆ, ಗಾಲಿ ತಿರುಗಲಾರದೆ ಆಕ್ಸಲ್ ಸುತ್ತ ಟ್ರ್ಯಾಕ್ಟರೇ ತಿರುಗುತ್ತದೆ. ಮೂತಿ ಮೇಲೆದ್ದು ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡ್ ಸಾಕು, ಡ್ರೈವರ್‌ಗೆ ಜಿಗಿಯಲೂ ಹೊತ್ತಿರುವುದಿಲ್ಲ. ಗಾಲಿಗೆ ಮರದ ತುಂಡು ಕಟ್ಟಿ ಮುಂದಕ್ಕೆ ಹೊಡೆಯುವುದಂತೂ ಸಾವನ್ನು ಕರೆದ ಹಾಗೆ. ಮೊದಲು ಪಿನ್ ತೆಗೆದು ಟ್ರೇಲರ್ ಬಿಡಿಸಿ. ಗಾಲಿಯ ಹಿಂದಿನ ಕೆಸರು ತೋಡಿ, ಹಲಗೆಯನ್ನೋ ಮೆಕ್ಕೆಜೋಳದ ದಂಟನ್ನೋ ಒತ್ತಾಗಿ ಹಾಸಿ, ನಿಧಾನವಾಗಿ ರಿವರ್ಸ್ ತೆಗೆಯಿರಿ. ಆಗಲೂ ಬಾರದಿದ್ದರೆ ಗಟ್ಟಿ ನೆಲದಲ್ಲಿ ನಿಂತ ಇನ್ನೊಂದು ಟ್ರ್ಯಾಕ್ಟರ್‌ನಿಂದ ಎಳೆಸಿ. ಎಳೆಯುವ ಟ್ರ್ಯಾಕ್ಟರ್‌ನಲ್ಲಿ ಸರಪಳಿ ಕಟ್ಟಬೇಕಾದ್ದು ಹಿಂಬದಿ ಕೆಳಗಿರುವ ಎಳೆಯುವ ಪಟ್ಟಿಗೆ, ಅಂದರೆ ಡ್ರಾಬಾರ್‌ಗೆ. ನೇಗಿಲಿನಂಥ ಉಪಕರಣ ಜೋಡಿಸುವ ಮೇಲಿನ ಕೊಂಡಿಗೆ (ಟಾಪ್ ಲಿಂಕಿಗೆ) ಕಟ್ಟಿದರೆ ಅದೂ ಮೂತಿ ಎತ್ತುತ್ತದೆ. ಸರಪಳಿ ಎಷ್ಟುದ್ದ ಇದೆಯೋ ಅದರ ಒಂದೂವರೆಯಷ್ಟು ದೂರದೊಳಗೆ ಯಾರೂ ನಿಲ್ಲಬಾರದು.

ಕೆರೆ ತುಂಬಿಸುವ ಯೋಜನೆಗಳಿಂದ ಬರದ ಸೀಮೆಗೆ ನೀರು ಬಂದಿದೆ, ಅದು ದೊಡ್ಡ ಉಪಕಾರ. ಆದರೆ ಜಗಳೂರು ಭಾಗದಲ್ಲಿ ತುಂಗಭದ್ರೆಯಿಂದ 57 ಕೆರೆ ತುಂಬಿಸುವಂಥ ಕೆಲಸಗಳಾದ ಮೇಲೆ ಹಳೆಯ ಅಂದಾಜು ನಡೆಯುವುದಿಲ್ಲ. ಮೊದಲು ಮಳೆ ನೋಡಿ ಅಂಗಳದ ಹದ ತಿಳಿಯುತ್ತಿತ್ತು. ಈಗ ಆಕಾಶ ಬೆಳ್ಳಗಿದ್ದರೂ ಪೈಪಿನಿಂದ ನೀರು ಬಂದು ಮೊದಲು ಬಿರುಕಿಗೆ ಇಳಿಯುತ್ತದೆ, ಅಡಿಯ ಮಣ್ಣನ್ನು ನೆನೆಸುತ್ತದೆ. ನಿನ್ನೆ ಓಡಾಡಿದ ದಾರಿ ಇವತ್ತು ಹಾಗೇ ಕಾಣುತ್ತದೆ, ತಡೆಯುವುದಿಲ್ಲ.

ಅದಕ್ಕಿಂತ ಭಯವಾಗುವುದು ಜೆಸಿಬಿ ತೋಡಿಟ್ಟ, ಗೋಡೆಯಂತೆ ನೆಟ್ಟಗಿರುವ ಗುಂಡಿಗಳದು. ನೀರು ನಿಂತ ಮೇಲೆ ಮೊಣಕಾಲುದ್ದದ ನೀರೂ ಹತ್ತಡಿಯ ಗುಂಡಿಯೂ ಒಂದೇ ಥರ ಕಾಣುತ್ತವೆ. ಕಾರು ಅಂಥದಕ್ಕೆ ಬಿದ್ದರೆ ಫೋನು ಹುಡುಕುತ್ತಾ ಕೂರಬೇಡಿ. ಸಿಗುವುದು ಹೆಚ್ಚೆಂದರೆ ಒಂದು ನಿಮಿಷ. ಬೆಲ್ಟ್ ಬಿಚ್ಚಿ, ಗ್ಲಾಸ್ ಇಳಿಸಿ, ಮಕ್ಕಳನ್ನು ಮೊದಲು ಕಿಟಕಿಯಿಂದ ಹೊರಗೆ ದೂಡಿ, ಆಮೇಲೆ ನೀವು ಬನ್ನಿ. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ಗ್ಲಾಸ್ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಮೊನಚಾದ ಲೋಹದಿಂದ ಹೊಡೆಯಿರಿ. ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ಬಿಟ್ಟುಕೊಡುವುದಿಲ್ಲ.

ಗೋಡು ತೆಗೆಯಲು ಒಪ್ಪಿಗೆ ಕೊಡುವ ಪಂಚಾಯಿತಿಗಳು ಗುಂಡಿಯ ಅಂಚನ್ನು ಒಂದಡಿ ಆಳಕ್ಕೆ ಮೂರಡಿ ಇಳಿಜಾರಿನಂತೆ ಬಿಡಿಸಬೇಕು. ವಾಹನ ಹೋಗುವ ದಾರಿ ಒಂದನ್ನೇ ಗುರುತಿಸಿ ಎರಡೂ ಬದಿಗೆ ಕೆಂಪು ಬಟ್ಟೆಯ ಗೂಟ ನೆಡಿಸಬೇಕು. ಪೈಪಿನಿಂದ ನೀರು ಬಿಡುವ ಹಿಂದಿನ ದಿನ ಸುತ್ತಲಿನ ಹಳ್ಳಿಗಳಲ್ಲಿ ಡಂಗುರ ಹೊಡೆಸಿ, ಅಂಗಳಕ್ಕಿಳಿಯುವ ದಾರಿಗೆ ಅಡ್ಡಲಾಗಿ ಮೂರಡಿ ಎತ್ತರದ ಮಣ್ಣಿನ ಒಡ್ಡು ಹಾಕಿಸಬೇಕು. ಗೋಡು ತೆಗೆಯಲು ಬಂದ ಜೆಸಿಬಿ ಅಲ್ಲೇ ಇರುತ್ತದೆ, ಅದಕ್ಕೆ ಇದು ಅರ್ಧ ಗಂಟೆಯ ಕೆಲಸ.

– ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು, ದಾವಣಗೆರೆ