ಜಾವಾ-ಯೆಜ್ಡಿ ಮಾರಬೇಕಾದರೆ ಮೊದಲು ಗ್ಯಾರೇಜಿಗೆ ಬನ್ನಿ

ಮಾನ್ಯ ಸಂಪಾದಕರೇ,

ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ-ಯೆಜ್ಡಿ ದಿನ. ಅವತ್ತು ಬೆಳಿಗ್ಗೆ ಹಳೇ ಜಾವಾ, ಯೆಜ್ಡಿ ಬೈಕುಗಳು ನೀಲಿ ಹೊಗೆ ಬಿಟ್ಟುಕೊಂಡು ಸಾಲಾಗಿ ಹೊರಟರೆ ಕೆಲಸ ಬಿಟ್ಟು ನೋಡಲು ನಿಲ್ಲುವವನು ನಾನು. ಕಳೆದ ಸಲ ಟೀ ಅಂಗಡಿ ಮುಂದೆ ನನ್ನ ಪಕ್ಕ ಒಬ್ಬ ಹುಡುಗ ನಿಂತಿದ್ದ. ಇಪ್ಪತ್ತೆರಡು ವಯಸ್ಸಿರಬಹುದು. 'ಅಂಕಲ್, ಇದರದ್ದೇ ಹೊಸ ಗಾಡಿ ಬಂದಿದೆಯಲ್ಲ, ತಗೋಬಹುದಾ? ಪಾರ್ಟ್ಸ್ ಸಿಗುತ್ತಾ?' ಅಂತ ಕೇಳಿದ. ಗಾಡಿ ಚೆನ್ನಾಗಿದೆಯಾ ಅಂತ ಅವನು ಕೇಳಲಿಲ್ಲ, ಅದು ಅವನಿಗೆ ಆಗಲೇ ಇಷ್ಟವಾಗಿತ್ತು. ಅವನಿಗೆ ಇದ್ದದ್ದು ಪಾರ್ಟ್ಸ್ ಚಿಂತೆ. ಆ ಹೊಸ ಗಾಡಿ ಮಾಡುವ ಕಂಪನಿಯವರು ಈ ಪತ್ರ ಓದುತ್ತಾರೋ ಇಲ್ಲವೋ, ಮೈಸೂರಿನವನಾಗಿ ನಾಲ್ಕು ಮಾತು ಹೇಳಲೇಬೇಕು ಅನ್ನಿಸಿತು.

ಹೊಸ ತಲೆಮಾರಿನ ಓದುಗರಿಗಾಗಿ ಸ್ವಲ್ಪ ಹಿಂದಿನ ಕಥೆ. ಜಾವಾ ಮೂಲತಃ ಚೆಕ್ ದೇಶದ ಗಾಡಿ, 1929ರಲ್ಲಿ ಹುಟ್ಟಿದ್ದು. ಯಾನೆಚೆಕ್ ಅನ್ನುವ ಮಾಲೀಕರ ಹೆಸರು, ವಾಂಡರರ್ ಅನ್ನುವ ಕಂಪನಿಯ ಹೆಸರು, ಎರಡರ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯಿತು. ಇರಾನಿ ಅನ್ನುವ ಮನೆತನದವರು ಅದನ್ನು ನಮ್ಮ ಮೈಸೂರಿಗೆ ತಂದು, 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ತಯಾರಿಸಲು ಶುರು ಮಾಡಿದರು. ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರೇ ಬೆಂಬಲವಾಗಿ ನಿಂತಿದ್ದರು. 1973ರಲ್ಲಿ ಹೆಸರು ಯೆಜ್ಡಿ ಆಯಿತು. ಆಮೇಲೆ ಯೆಜ್ಡಿಯದ್ದೇ ರೋಡ್‌ಕಿಂಗ್ ಅನ್ನುವ ಮಾಡೆಲ್ ಬಂತು. 1996ರಲ್ಲಿ ಫ್ಯಾಕ್ಟರಿ ಬಾಗಿಲು ಮುಚ್ಚಿತು.

ನಮ್ಮ ಅಪ್ಪನ ಹತ್ತಿರ ಒಂದು ರೋಡ್‌ಕಿಂಗ್ ಇತ್ತು. ಬಂಕಿನಲ್ಲಿ ಪೆಟ್ರೋಲ್ ಜೊತೆ ಆಯಿಲ್ ಅಳೆದು ಹಾಕಿಸುವುದು, ಕಿಕ್ ಹೊಡೆಯುವ ರಾಡನ್ನೇ ಮುಂದಕ್ಕೆ ತಿರುಗಿಸಿ ಗೇರ್ ರಾಡ್ ಮಾಡುವುದು, ಎರಡು ಸೈಲೆನ್ಸರಿನಿಂದ ಬರುವ ಆ ಸದ್ದು, ಇದೆಲ್ಲ ನನಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಅಪ್ಪ ಗೇಟಿನ ಹತ್ತಿರ ಬರುವ ಮೊದಲೇ ಅಮ್ಮ ಕಾಫಿಗೆ ಹಾಲು ಇಡುತ್ತಿದ್ದರು.

2018ರ ನವೆಂಬರಿನಲ್ಲಿ ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಾಗ ನನ್ನಂಥವರು ಎಷ್ಟು ಜನ ಕುಣಿದಾಡಿದೆವೋ ಲೆಕ್ಕವಿಲ್ಲ. ಹಳೇ ಕಂಪನಿ ಕಟ್ಟಿದ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರೂ ಇದರಲ್ಲಿದ್ದಾರೆ (ನಟ ಬೊಮನ್ ಇರಾನಿ ಬೇರೆ). ಆದರೆ ನಡೆದದ್ದೇನು? ನವೆಂಬರಿನಲ್ಲಿ ಬುಕ್ಕಿಂಗ್ ತೆಗೆದುಕೊಂಡರು, ಡಿಸೆಂಬರ್ 25ಕ್ಕೆ ಮುಂದಿನ ಸೆಪ್ಟೆಂಬರ್‌ವರೆಗಿನ ಗಾಡಿಗಳೆಲ್ಲ ಖಾಲಿ ಅಂತ ಆನ್‌ಲೈನ್ ಬುಕ್ಕಿಂಗ್ ನಿಲ್ಲಿಸಿದರು, ಮೊದಲ ಗಾಡಿಗಳು ಜನರ ಕೈಗೆ ಬರುವಾಗ ಮಾರ್ಚ್ ಮುಗಿಯುತ್ತಾ ಬಂದಿತ್ತು. ಅಷ್ಟು ಪ್ರೀತಿ ಇಟ್ಟುಕೊಂಡು ದುಡ್ಡು ಕಟ್ಟಿದವರನ್ನು ತಿಂಗಳುಗಟ್ಟಲೆ ಕಾಯಿಸಬಾರದಿತ್ತು. ಸಣ್ಣ ಬ್ರ್ಯಾಂಡಿಗೆ ಮೊದಲು ಬರುವ ಗಿರಾಕಿಯೇ ಪ್ರಚಾರಕ. ಅವನು ಖುಷಿಯಾಗಿದ್ದರೆ ಹತ್ತು ಜನರಿಗೆ ತೋರಿಸುತ್ತಾನೆ, ಬೇಜಾರಾದರೆ ಇಪ್ಪತ್ತು ಜನರಿಗೆ ಹೇಳುತ್ತಾನೆ. ಗಾಡಿ ಗೋಡೌನಿನಲ್ಲಿ ನಿಂತ ಮೇಲೆ ಬುಕ್ಕಿಂಗ್ ತೆರೆಯಿರಿ. ಇದರಲ್ಲಿ ದೊಡ್ಡ ತಂತ್ರವೇನೂ ಬೇಡ.

ಇನ್ನೊಂದು ವಿಷಯ. ಹಳೇ ನೆನಪನ್ನು ಮುಂದಿಟ್ಟುಕೊಂಡು ಮಾರುವುದಕ್ಕೂ ಒಂದು ಮಿತಿ ಇದೆ. ಫ್ಯಾಕ್ಟರಿ ಮುಚ್ಚಿದಾಗ ಹುಟ್ಟಿದ ಮಗುವಿಗೇ ಈಗ ಮೂವತ್ತರ ಹತ್ತಿರ ವಯಸ್ಸು. ಕಂತು ಕಟ್ಟುವವನು ಅವನು, ನಾನಲ್ಲ. ನಾನು ಫೋಟೊ ನೋಡಿ ಕಣ್ಣು ಒದ್ದೆ ಮಾಡಿಕೊಂಡು ಮನೆಗೆ ಹೋಗುತ್ತೇನೆ. ಅವನಿಗೆ ಬೇಕಿರುವುದು ಈ ಗಾಡಿ ಇವತ್ತು ಏನು ಮಾಡುತ್ತದೆ ಅನ್ನುವುದು. ಹೇಳಿಕೊಳ್ಳಲು ಏನೂ ಇಲ್ಲವೇ? ಇದೆ! ಯೆಜ್ಡಿ ಅಡ್ವೆಂಚರ್‌ನಲ್ಲಿ ಇರುವುದು 334 ಸಿಸಿಯ, ನೀರಿನಿಂದ ತಂಪಾಗುವ ಎಂಜಿನ್. ಸುಮಾರು 29 ಎಚ್‌ಪಿ ಶಕ್ತಿ. ಎಲ್ಲರ ಬಾಯಲ್ಲಿರುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಶಕ್ತಿ 20 ಎಚ್‌ಪಿ. ಶಿರಾಡಿ ಘಾಟಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಎರಡು ಬ್ಯಾಗ್ ಕಟ್ಟಿಕೊಂಡು ಲಾರಿ ಓವರ್‌ಟೇಕ್ ಮಾಡುವಾಗ ಆ ವ್ಯತ್ಯಾಸ ಏನು ಅಂತ ಗೊತ್ತಾಗುತ್ತದೆ. ಇದನ್ನು ನೇರವಾಗಿ, ಕನ್ನಡದಲ್ಲಿ, ನಮ್ಮ ರಸ್ತೆಗಳ ಹೆಸರು ಹಿಡಿದು ಹೇಳಿ. ಹಳೇ ಟೂ ಸ್ಟ್ರೋಕ್ ಸದ್ದು ಹೊಸ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಬರುವುದಿಲ್ಲ, ಅದನ್ನೂ ಮುಚ್ಚಿಡಬೇಡಿ. ಜನ ಅರ್ಥ ಮಾಡಿಕೊಳ್ಳುತ್ತಾರೆ.

ರಾಯಲ್ ಎನ್‌ಫೀಲ್ಡ್ ಗೆದ್ದದ್ದು ಬರೀ ಹಳೇ ರೂಪದಿಂದ ಅಲ್ಲ. ಹಿಮಾಲಯಕ್ಕೆ ಕರೆದುಕೊಂಡು ಹೋದರು, ವರ್ಷಕ್ಕೊಮ್ಮೆ ಗೋವಾದಲ್ಲಿ ಎಲ್ಲರನ್ನೂ ಸೇರಿಸಿದರು. ಗಾಡಿ ತಗೊಂಡವನಿಗೆ ಹೋಗಲು ಒಂದು ಜಾಗ, ಜೊತೆಗೆ ಬರಲು ನಾಲ್ಕು ಜನ ಸಿಕ್ಕರು. ಜಾವಾ-ಯೆಜ್ಡಿಗೆ ಹಾಗೆ ಜನರನ್ನು ಹೊಸದಾಗಿ ಹುಡುಕುವ ಕಷ್ಟವೇ ಇಲ್ಲ. ಕಂಪನಿ ಮುಚ್ಚಿ ಇಪ್ಪತ್ತೆರಡು ವರ್ಷ ಯಾರೂ ಒಂದು ರೂಪಾಯಿ ಕೊಡದಿದ್ದರೂ ಈ ಜನ ತಾವೇ ಕ್ಲಬ್ ಕಟ್ಟಿಕೊಂಡರು, ತಾವೇ ರೈಡ್ ಹೊರಟರು, ಗುಜರಿಯಿಂದ ಟ್ಯಾಂಕ್ ಹುಡುಕಿ ತಂದು ಬಣ್ಣ ಹೊಡೆಸಿದರು.

ಆ ಗಾಡಿಗಳನ್ನು ಜೀವಂತವಾಗಿ ಇಟ್ಟವರು ನಮ್ಮ ಮೆಕ್ಯಾನಿಕ್‌ಗಳು. ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ನಮ್ಮ ಅಪ್ಪನ ಗಾಡಿ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಗೆ ಈಗ ಎಪ್ಪತ್ತು ದಾಟಿದೆ. ಸದ್ದು ಕೇಳಿಯೇ ಪಾಯಿಂಟ್ ಸರಿಯಿಲ್ಲ, ಕಾರ್ಬೊರೇಟರಿನಲ್ಲಿ ಕಸ ಅಂತ ಹೇಳುತ್ತಾರೆ. ಹೊಸ ಗಾಡಿ ತಗೋಬೇಕು ಅನ್ನುವವರು ಶೋರೂಮಿಗೆ ಹೋಗುವ ಮೊದಲು ಇವರನ್ನು ಕೇಳುತ್ತಾರೆ. ಅವರು ಬೇಡ ಅಂತ ತಲೆ ಅಲ್ಲಾಡಿಸಿದರೆ ಮುಗಿಯಿತು, ಯಾವ ಸಿನಿಮಾ ನಟನ ಜಾಹೀರಾತೂ ಆ ಗಿರಾಕಿಯನ್ನು ವಾಪಸ್ ತರುವುದಿಲ್ಲ. ಇಂಥವರನ್ನು ಕರೆದು, ಹೊಸ ಎಂಜಿನ್ ಬಿಚ್ಚಿ ತೋರಿಸಿ, ಎರಡು ದಿನ ತರಬೇತಿ ಕೊಟ್ಟು, ಪಾರ್ಟ್ಸ್ ನೇರವಾಗಿ ಸಿಗುವ ಹಾಗೆ ಮಾಡಿದರೆ ಎಷ್ಟು ಖರ್ಚಾದೀತು? ಒಂದು ಟಿವಿ ಜಾಹೀರಾತಿಗಿಂತ ಕಡಿಮೆಯೇ. ಹಳೇ ಗಾಡಿಗಳ ಕೇಬಲ್, ರಬ್ಬರ್, ಪಿಸ್ಟನ್ ರಿಂಗ್ ಕೂಡ ಕಂಪನಿಯೇ ಮಾಡಿ ಮಾರಲಿ. ಅದರಲ್ಲಿ ಲಾಭ ಜಾಸ್ತಿ ಇರಲಿಕ್ಕಿಲ್ಲ, ಆದರೆ ಆ ಪಾರ್ಟ್ಸ್ ತಗೊಳ್ಳಲು ಬರುವ ಅಪ್ಪನ ಜೊತೆ ಮಗನೂ ಬರುತ್ತಾನೆ, ಅಲ್ವಾ?

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷದ ಹಿಂದೆ ಬೇರೊಂದು ಸಣ್ಣ ಬ್ರ್ಯಾಂಡಿನ ಬೈಕ್ ತಗೊಂಡೆ, ಹೆಸರು ಬೇಡ. ಒಂದು ಕ್ಲಚ್ ಪ್ಲೇಟಿಗಾಗಿ ಗಾಡಿ ಎರಡು ತಿಂಗಳು ಶೋರೂಮಿನ ಹಿಂಭಾಗದಲ್ಲಿ ಮಳೆಗೆ ನೆನೆಯುತ್ತಾ ನಿಂತಿತ್ತು. ಫೋನ್ ಮಾಡಿದಾಗಲೆಲ್ಲ 'ಬರ್ತಾ ಇದೆ ಸರ್' ಅನ್ನುತ್ತಿದ್ದರು. ಕೊನೆಗೆ ಮಾರಿಬಿಟ್ಟೆ. ಓಡಿಸಲು ಬಹಳ ಚೆನ್ನಾಗಿತ್ತು ಆ ಗಾಡಿ, ಇವತ್ತಿಗೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಜಾವಾ-ಯೆಜ್ಡಿಯವರು 2025ರಲ್ಲಿ 4 ವರ್ಷ ಅಥವಾ 50,000 ಕಿ.ಮೀ. ವಾರಂಟಿ ಕೊಡುವುದಾಗಿ ಹೇಳಿದರು. ಬಹಳ ಒಳ್ಳೆಯ ಕೆಲಸ. ಅದೇ ವರ್ಷ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಇವರ ಜಾವಾ, ಯೆಜ್ಡಿಗಳೆಲ್ಲ ಅದರೊಳಗೇ ಬರುತ್ತವೆ. ಆದರೆ ಟೀ ಅಂಗಡಿ ಮುಂದೆ ಸಿಕ್ಕ ಆ ಹುಡುಗನಿಗೆ ಈ ಎರಡರಲ್ಲಿ ಒಂದೂ ಗೊತ್ತಿರಲಿಲ್ಲ. ನಾನೇ ಹೇಳಬೇಕಾಯಿತು. ಹುಣಸೂರು, ನಂಜನಗೂಡು, ಮಂಡ್ಯದ ಸಂತೆ ದಿನ ಎರಡು ಗಾಡಿ ನಿಲ್ಲಿಸಿ ಓಡಿಸಿ ನೋಡಲು ಕೊಟ್ಟರೆ ಅವನಂಥ ನೂರು ಜನರಿಗೆ ಗೊತ್ತಾಗುತ್ತದೆ. ಹುಡುಗಿಯರಿಗೂ ಕೀ ಕೊಡಿ, ಅಣ್ಣನ ಜೊತೆ ಬಂದವಳು ಅಂತ ಪಕ್ಕಕ್ಕೆ ನಿಲ್ಲಿಸಬೇಡಿ.

ಈಗ ಈ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಫ್ಯಾಕ್ಟರಿ ವಾಪಸ್ ತನ್ನಿ ಅಂತ ನಾನು ಕೇಳುತ್ತಿಲ್ಲ. ಮುಂದಿನ ಜುಲೈ ಎರಡನೇ ಭಾನುವಾರಕ್ಕೆ ಇಬ್ಬರು ಎಂಜಿನಿಯರುಗಳನ್ನೂ ಒಂದು ವ್ಯಾನ್ ತುಂಬ ಪಾರ್ಟ್ಸನ್ನೂ ಮೈಸೂರಿಗೆ ಕಳಿಸಿ. ನಮ್ಮ ಮೇಸ್ತ್ರಿಯನ್ನು ನಾನೇ ಕರೆದುಕೊಂಡು ಬರುತ್ತೇನೆ.

ಇಂತಿ,
ಹಳೇ ರೋಡ್‌ಕಿಂಗ್ ಮನೆಯ ಒಬ್ಬ ಓದುಗ, ಮೈಸೂರು